ಓಬಕ್ಕನ ಮಡಿಲು

ವಳ್ಳೂರಿನ ಓಬಕ್ಕನಿಗೆ ಮನೆಯ ಸಾಮಾನು ಖಾಲಿ ಮಾಡುವ ಚಟ. ಹೊಲವನ್ನು ಸೋಲಾರ್ ಕಂಪನಿಗೆ ಗುತ್ತಿಗೆ ಕೊಟ್ಟ ವರ್ಷ ಬಿತ್ತುವ ಕೂರಿಗೆ ಹೋಯಿತು. ಆಮೇಲೆ ಕುಡುಗೋಲು, ಮೊರ, ಕಡೆಗೆ ಬೂದಿ ಬೆರೆಸಿಟ್ಟ ಅವರೆ ಬೀಜದ ಮಡಕೆಯೂ. ಕೂರಲು ಚಾಪೆ ಕೇಳಿದರೆ, "ನೆಲ ಐತಲ್ಲ, ಅದನ್ಯಾರು ಹೊತ್ಕೊಂಡು ಹೋಯ್ತಾರೆ?" ಅನ್ನುತ್ತಾಳೆ. ಇರುವುದು ಒಂದೇ ಲೋಟ, ನೆಂಟರು ಸರದಿಯಲ್ಲಿ ಟೀ ಕುಡಿಯಬೇಕು. "ಸಾಮಾನು ಕಮ್ಮಿ ಆದಷ್ಟೂ ಹಗುರ ಕಣಮ್ಮ" ಎಂದು ಪಕ್ಕದ ಮನೆಯ ನನಗೂ ಉಪದೇಶ. ಒಂದು ಕಾಲಕ್ಕೆ ಗಾಳಿ ಮೂಸಿಯೇ ಬರುವುದು ಭರಣಿ ಮಳೆಯೋ ರೋಹಿಣಿ ಮಳೆಯೋ ಎಂದು ಊರಿಗೆಲ್ಲ ಹೇಳುತ್ತಿದ್ದವಳು, ಈಗ "ಇದ್ಯಾವ ಮಳೆ ಕಣಮ್ಮ?" ಎಂದು ನನ್ನನ್ನು ಕೇಳುತ್ತಾಳೆ. ಮೊನ್ನೆ ಹದ ಮಳೆ ಬಿದ್ದ ಬೆಳಿಗ್ಗೆ ಸೋಲಾರ್ ಬೇಲಿಯ ಹತ್ತಿರ ನಿಂತಿದ್ದಳು. ಬಿತ್ತುವ ಹೆಂಗಸರ ಹಾಗೆ ಸೆರಗನ್ನು ಮಡಿಲು ಕಟ್ಟಿಕೊಂಡಿದ್ದಳು. ಕೈ ಮಡಿಲೊಳಗೆ ಆಡುತ್ತಲೇ ಇತ್ತು. ಒಳಗೆ ಒಂದು ಕಾಳೂ ಇರಲಿಲ್ಲ.