ಆಚಾರವಂತ ನಾಯಿ

ಯೋಚಿಸದೆ ನಾನು ಹೇಳಿದ ಸುಳ್ಳು ಒಂದೇ ಒಂದು. ಅದನ್ನು ಅರಸೀಕೆರೆಯ ಬಸ್ ನಿಲ್ದಾಣದಲ್ಲಿ ಹೇಳಿದೆ. ಹಳೇಬೀಡಿನ ಬಸ್ಸಿನ ಹಿಂದಿನ ಚಕ್ರದಿಂದ ಮೂರು ಹೆಜ್ಜೆ ದೂರದಲ್ಲಿ, ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಶಾಲೆಗೆಂದು ತಂದ ಸೀಮೆಸುಣ್ಣದ ಡಬ್ಬಿ ಹಿಡಿದು ನಿಂತಿದ್ದೆ. ನಾಯಿ ಹಿಡಿಯುವವನು ಉದ್ದನೆಯ ಕಬ್ಬಿಣದ ಇಕ್ಕಳವನ್ನು ಬಸ್ಸಿನಡಿಗೆ ಚಾಚಿದ್ದ. ಅಲ್ಲಿ ಕಂದು ಬಣ್ಣದ ಬಡಕಲು ನಾಯಿಯೊಂದು ಬೊಗಳದೆ, ಕುಂಯ್ ಎನ್ನದೆ, ಕಣ್ಣು ಮುಚ್ಚಿಕೊಂಡು ಕೂತಿತ್ತು. 

"ಯಾರ್ದು ಸ್ವಾಮಿ ಈ ನಾಯಿ?" ಎಂದು ಅವನು ಕೇಳಿದ.

"ನಮ್ದೇ" ಎಂದೆ. ಡಬ್ಬಿ ಕೈಯಿಂದ ಜಾರಿ ಬಿತ್ತು. ಆ ವರ್ಷ ನಮ್ಮ ಶಾಲೆಯ ಮಕ್ಕಳು ಕಲಿತದ್ದೆಲ್ಲ ತುಂಡು ಸೀಮೆಸುಣ್ಣದಲ್ಲೇ.

ನಾಯಿಯನ್ನು ಅಂಗವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಜಾವಗಲ್ಲಿನ ನಂಜೇಗೌಡರು ಕೂತಿದ್ದರು. ತೆಂಗಿನ ತೋಟದವರು, ನನಗೆ ಹಳೆಯ ಪರಿಚಯ. "ತ್ವಾಟ ಕಾಯಕ್ಕೆ ನಂಗೊಂದು ನಾಯಿ ಬೇಕಾಗೈತೆ ಮೇಷ್ಟ್ರೇ. ಒಂದೆಂಟು ದಿನ ಇಟ್ಕಳಿ. ಕಾಯಿ ಕೆಡವೋದು ಮುಗೀಲಿ, ನಾನೇ ಬಂದು ಹಿಡ್ಕಂಡು ಹೋಯ್ತೀನಿ" ಎಂದರು. ಆಗಲಿ ಎಂದು ಮಾತು ಕೊಟ್ಟೆ. ನನಗೆ ನೆಮ್ಮದಿಯಾಯಿತು. ಎಂಟು ದಿನದ ಸುಳ್ಳನ್ನು ಯಾರು ಬೇಕಾದರೂ ಸಾಕಬಹುದು.

ಮನೆಯಲ್ಲಿ ನಮ್ಮ ಸೋದರತ್ತೆ ಇದ್ದರು. ಮಡಿಯಲ್ಲಿ ಅವರನ್ನು ಮೀರಿಸಿದವರು ನಮ್ಮ ಬೀದಿಯಲ್ಲಿರಲಿಲ್ಲ. ಬೆಳಿಗ್ಗೆ ತಣ್ಣೀರು ಸುರಿದುಕೊಂಡು ಒದ್ದೆ ಸೀರೆಯಲ್ಲಿ ಹೊರಟರೆಂದರೆ ನಾನು, ನನ್ನ ಹೆಂಡತಿ ಸರೋಜ ಇಬ್ಬರೂ ಗೋಡೆಗೆ ಅಂಟಿಕೊಳ್ಳಬೇಕು. ಸೆರಗಿನ ತುದಿ ತಾಕಿದರೂ ಅವರಿಗೆ ಮತ್ತೆ ಸ್ನಾನ. ನಾಯಿಯನ್ನು ಕಂಡೊಡನೆ "ಅದು ನಡುಮನೆ ಹೊಸಿಲು ದಾಟಿದ ದಿನ ನಾನು ಬೇಲೂರಿಗೆ ಹೊರಟೆ ಅಂತ ತಿಳ್ಕೋ" ಎಂದರು. ಬೇಲೂರಿನಲ್ಲಿ ನಮಗೆ ಯಾರೂ ಇರಲಿಲ್ಲ. ಆದರೂ ಹೆದರಿದೆ.

ನಾಯಿ ಪಡಸಾಲೆಯ ಬೆಂಚಿನಡಿ ಸೇರಿತು. ಯಾರಾದರೂ ನೋಡುತ್ತಿದ್ದರೆ ಅನ್ನ ಮುಟ್ಟುತ್ತಿರಲಿಲ್ಲ. ನಾವು ಎದ್ದು ಹೋದರೂ ತಿನ್ನುತ್ತಿರಲಿಲ್ಲ. ನಾವೂ ಅಲ್ಲೇ ಇರಬೇಕು, ಊಟ ಮಾಡುತ್ತಿರಬೇಕು, ಆದರೆ ನೋಡಬಾರದು. ಇದನ್ನು ಕಂಡುಹಿಡಿಯಲು ನಮಗೆ ಎರಡು ದಿನ ಹಿಡಿಯಿತು. ಮೂರನೆಯ ದಿನ ಅಂಚೆಯವನು ಬಾಗಿಲಿಗೆ ಬಂದಾಗ ನಾನೂ ಸರೋಜಳೂ ಪಡಸಾಲೆಯಲ್ಲಿ ಗೋಡೆಗೆ ಮುಖಮಾಡಿ ಹುಳಿಯನ್ನ ಕಲಸುತ್ತಿದ್ದೆವು.

"ಏನ್ ಸ್ವಾಮಿ, ಗಂಡ ಹೆಂಡ್ತಿ ಜಗಳ್ವಾ?" ಎಂದ.

"ಶ್! ಊಟ ನಡೀತಿದೆ" ಎಂದಳು ಸರೋಜ, ತಿರುಗದೆ.

ಇಂಥ ನಾಚಿಕೆ ನಾಯಿಗಳಿಗೆ ಹೊಯ್ಸಳರ ಕಾಲದಲ್ಲೂ ಇತ್ತೇ ಎಂಬ ಸಂಶಯ ಬಂದು ಒಂದು ಸಂಜೆ ನಮ್ಮ ಹಳೇಬೀಡಿನ ದೇವಸ್ಥಾನದ ಗೋಡೆಯನ್ನೆಲ್ಲ ಸುತ್ತಿ ನೋಡಿದೆ. ಆನೆಗಳ ಸಾಲು, ಸಿಂಹಗಳ ಸಾಲು, ಕುದುರೆಗಳ ಸಾಲು. ನಾಯಿ ಮಾತ್ರ ಭೈರವನ ಕಾಲಬಳಿ ಕತ್ತೆತ್ತಿ ನಿಂತಿತ್ತು. ರುಂಡ ಹಿಡಿದ ಭೈರವನಿಗೂ ಹೆದರದ ನಾಯಿ ಅದು. ನಮ್ಮದು ಸೌಟು ಬಿದ್ದರೆ ಮೂರ್ಛೆ ಹೋಗುತ್ತಿತ್ತು.

ಐದನೆಯ ದಿನ ಅತ್ತೆಯ ಮನಸ್ಸು ಬದಲಾಯಿತು. ಒದ್ದೆ ಸೀರೆಯಲ್ಲಿ ಅವರು ಬರುತ್ತಿದ್ದಂತೆ ನಾಯಿ ಎದ್ದು, ನಾಲ್ಕು ಮೊಳ ಹಿಂದೆ ಸರಿದು, ಮುಖ ಆಚೆ ತಿರುಗಿಸಿ ನಿಲ್ಲುತ್ತಿತ್ತು. ಅವರು ದಾಟಿ ಹೋಗುವವರೆಗೆ ಅಲುಗುತ್ತಿರಲಿಲ್ಲ. ಅದು ಭಯ ಎಂದು ನನಗೆ ಗೊತ್ತಿತ್ತು. ಅತ್ತೆ ಅದನ್ನು ಆಚಾರ ಎಂದುಕೊಂಡರು.

"ಮಡಿ ಅಂದ್ರೆ ಏನೂಂತ ಈ ಮನೇಲಿ ಗೊತ್ತಿರೋದು ಇದಕ್ಕೊಂದಕ್ಕೇ ಕಣೋ!" ಎಂದರು. ಅಂದಿನಿಂದ ಅದು ಅವರ ಬಾಯಲ್ಲಿ ಶಾಸ್ತ್ರಿಗಳಾಯಿತು. "ಶಾಸ್ತ್ರಿಗಳ ಊಟ ಆಯ್ತೇನೇ ಸರೋಜ?" ಎಂದು ವಿಚಾರಿಸಿದ ಮೇಲೆಯೇ ತಾವು ಎಲೆಯ ಮುಂದೆ ಕೂರುತ್ತಿದ್ದರು.

ಎಂಟನೆಯ ದಿನ ಬಂತು.  ಮಾತು ಕೊಟ್ಟವನು ನಾನು. ಬೆಂಚಿನಡಿಯ ಪ್ರಾಣಿಯನ್ನು ಹಗ್ಗದಲ್ಲಿ ಕಟ್ಟಿ ಕೊಡಬೇಕಾದವನೂ ನಾನೇ. ಒಂಬತ್ತೂಕಾಲಿಗೆ ನಂಜೇಗೌಡರು ಹಗ್ಗ ಹಿಡಿದು ಬಂದರು. ಬಗ್ಗಿ ಬೆಂಚಿನಡಿ ನೋಡಿದರು.

"ಏನ್ ಮೇಷ್ಟ್ರೇ, ಇದು ತ್ವಾಟ ಕಾಯ್ತದಾ? ಇದನ್ನ ಕಾಯಕ್ಕೇ ಇನ್ನೊಂದು ನಾಯಿ ಬೇಕಲ್ರೀ! ಇರ್ಲಿ, ನಾಕು ದಿನ ಕಟ್ಟಾಕಿದ್ರೆ ಸರಿಹೋಯ್ತದೆ" ಎಂದು ಕೈ ಚಾಚಿದರು.

ನಾಯಿ ಕಣ್ಣು ಮುಚ್ಚಿತು, ಬಸ್ಸಿನಡಿಯಲ್ಲಿ ಮುಚ್ಚಿದ ಹಾಗೆಯೇ. ಮರುಕ್ಷಣ ಬೆಂಚಿನ ಇನ್ನೊಂದು ಬದಿಯಿಂದ ಚಿಮ್ಮಿ ನಡುಮನೆಗೆ ಓಡಿತು. ಅಲ್ಲಿ ಅತ್ತೆ ತುಳಸಿಗೆ ನೀರೆರೆಯಲು ತಂಬಿಗೆ ಹಿಡಿದು ಹೊರಟಿದ್ದರು. ನಾಯಿ ನೇರವಾಗಿ ಅವರ ಮಡಿಸೀರೆಯ ನೆರಿಗೆಯೊಳಗೆ ತಲೆ ತೂರಿಸಿ ನಿಂತುಬಿಟ್ಟಿತು.

ಸರೋಜ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಬೇಲೂರಿನ ಬಸ್ಸಿನ ಹೊತ್ತು ನೆನಪಿಸಿಕೊಂಡೆ. ಅತ್ತೆ ಬಗ್ಗಿ ನೋಡಿದರು. ಸೀರೆಯ ಹೊರಗೆ ಉಳಿದಿದ್ದ ಬಾಲ ಗಡಗಡ ನಡುಗುತ್ತಿತ್ತು.

"ಪೆದ್ದನ ಹಾಗೆ ಏನ್ ನೋಡ್ತಾ ನಿಂತಿದ್ದೀಯೋ? ಗೌಡರಿಗೆ ಕಾಫಿ ಕೊಟ್ಟು ಕಳಿಸು. ಇದು ಎಲ್ಲಿಗೂ ಬರೋದಿಲ್ಲ" ಎಂದರು.

"ಅಲ್ಲ ಅತ್ತೆ, ಮೈಲಿಗೆ..."

"ಆಗಿದ್ದು ಆಯ್ತಲ್ಲ. ಮೆಲ್ಲಗೆ ಮಾತಾಡು, ಹೆದರ್ಕೊಳತ್ತೆ."

ಅಲುಗಿದರೆ ನಾಯಿ ಬೆಚ್ಚುತ್ತದೆಂದು ಅವರು ತಂಬಿಗೆ ಹಿಡಿದು ಅಲ್ಲೇ ನಿಂತರು. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ, ಅರ್ಧ ಗಂಟೆ ನಿಂತರು. ಗೌಡರೂ ಕಾಫಿಯನ್ನು ಗೋಡೆಗೆ ಮುಖಮಾಡಿಯೇ ಕುಡಿದು, ಹಗ್ಗವನ್ನು ಕಂಕುಳಲ್ಲಿ ಮುಚ್ಚಿಟ್ಟುಕೊಂಡು, ತುದಿಗಾಲಲ್ಲಿ ಹೊರಗೆ ಹೋದರು.

ಈಗ ಅತ್ತೆಗೆ ದಿನಕ್ಕೆ ಎರಡು ಸ್ನಾನ. ಬೆಳಗಿನದು ದೇವರಿಗಾಗಿ, ಇನ್ನೊಂದು ಶಾಸ್ತ್ರಿಗಳಿಂದಾಗಿ. ನಾಯಿಯ ಮೇಲೆ ಅವರಿಗೆ ಒಂದು ದೂರು ಉಂಟು: "ಬಂದ ಹೊಸದರಲ್ಲಿ ಎಷ್ಟು ಆಚಾರವಂತ ಆಗಿತ್ತು! ನಿಮ್ಮ ಜೊತೆ ಸೇರಿ ಕೆಟ್ಟುಹೋಯ್ತು." ಈ ಮಾತನ್ನು ಹೇಳುವಾಗ ಅವರ ಬಲಗೈ ಎಲ್ಲಿರುತ್ತದೆಂಬುದನ್ನು ನಾನು ಪ್ರತಿಸಲವೂ ಗಮನಿಸಿದ್ದೇನೆ. ಅದರ ಎರಡು ಕಿವಿಗಳ ನಡುವೆ.