ಗಂಜಿ ಕಾಸಾಗೈತೆ

ಇವತ್ತು ಬೆಳಿಗ್ಗೆ ಸ್ಕೂಟರಿನ ಮೇಲೆ ಹೊದಿಸಿದ್ದ ಕಂಬಳಿಯನ್ನು ಎಳೆದೆ ನೋಡಿ, ಆ ವಾಸನೆ ಮೂಗಿಗೆ ಬಡಿಯಿತು. ಕುರಿ ಉಣ್ಣೆ, ಧೂಳು, ಅದರಡಿಯಲ್ಲೆಲ್ಲೋ ಹುಣಸೆಬೀಜದ ಗಂಜಿ. ಇದನ್ನು ನೇಯ್ದವಳು ನನ್ನ ದೊಡ್ಡವ್ವ, ಅವ್ವನ ಅಕ್ಕ. ನಾನು ಹೊದೆಯಲಿ ಅಂತ ಕೊಟ್ಟಿದ್ದಳು. ನಾನೋ, ಗಾಡಿಗೆ ಹೊದಿಸಿದ್ದೆ. ಮಲಗುವುದು ಬಿಟ್ಟರೆ ಗಾಡಿಗೂ ಬೇರೆ ಕೆಲಸ ಇರಲಿಲ್ಲ ಬಿಡಿ.

ನಗಬೇಡಿ. ನನಗೆ ಗಾಡಿ ಓಡಿಸಲು ಬರುತ್ತೆ. ಲೈಸೆನ್ಸೂ ಇದೆ, ಅದರ ಫೋಟೋದಲ್ಲಿ ಕೋಳಿ ಕದ್ದವಳ ಹಾಗೆ ಕಾಣುತ್ತೇನೆ, ಅದು ಬೇರೆ ಮಾತು. ಆದರೆ ನಮ್ಮ ಬೀದಿಯ ತಿರುವು ದಾಟಿ ಚಳ್ಳಕೆರೆಯ ದೊಡ್ಡ ರಸ್ತೆಗೆ ಇಳಿಯುವುದು ಮಾತ್ರ ಯಾವತ್ತೂ ನಾಳೆಯ ಕೆಲಸ. ಇವತ್ತು ಗಾಳಿ ಜಾಸ್ತಿ. ಇವತ್ತು ಸಂತೆ, ಲಾರಿ ಓಡಾಡ್ತಾವೆ. ಇವತ್ತು ಯಾಕೋ ಎಡಗಣ್ಣು ಅದುರುತ್ತಿದೆ. ಈ ಕಾಯಿಲೆಗೆ ಮೊಬೈಲಿನಲ್ಲಿ ಔಷಧಿ ಹೇಳುವವರಿಗೇನೂ ಬರವಿಲ್ಲ. ನಸುಕಿಗೆ ಏಳಿ, ತಣ್ಣೀರು ಸುರಿದುಕೊಳ್ಳಿ, ಮನಸ್ಸನ್ನು ಗಟ್ಟಿ ಮಾಡಿ ಅನ್ನುತ್ತಾರೆ. ಎದ್ದೆ, ಸುರಿದುಕೊಂಡೆ, ನೆಗಡಿ ಬಂತು. ನೆಗಡಿ ಅಂತ ಇನ್ನೊಂದಷ್ಟು ದಿನ ಗಾಡಿ ಮುಟ್ಟಲಿಲ್ಲ.

ನಿನ್ನೆ ಊಟಕ್ಕೆ ಕೂತಾಗ ನಮ್ಮ ಯಜಮಾನರು ಅಂದರು, "ಲೇ, ನಿಂತು ನಿಂತು ಗಾಡಿ ಹಾಳಾಗ್ತೈತೆ. ನಾಳೆ ಹತ್ತು ಗಂಟೆಗೆ ಒಬ್ರು ನೋಡಾಕೆ ಬರ್ತಾರೆ. ಕೊಟ್ಟುಬಿಡಾಣ. ನೀನು ಎಲ್ಲಿಗೆ ಹೋಗ್ಬೇಕೋ ನಾನು ಬಿಡ್ತೀನಲ್ಲ?"

ಬಿಡುತ್ತಾರೆ, ಇಲ್ಲ ಅನ್ನಲ್ಲ. ಆದರೆ ಪ್ರತಿಸಲ ಅವರ ಕಾಫಿ ಮುಗಿಯಬೇಕು, ಪೇಪರು ಮುಗಿಯಬೇಕು, ಚಪ್ಪಲಿ ಸಿಗಬೇಕು. ಗಾಡಿ ಹೋಯಿತು ಅಂದರೆ ಉಳಿದ ಆಯುಷ್ಯವೆಲ್ಲ ನಾನು ಹೊಸ್ತಿಲ ಮೇಲೆ ಚೀಲ ಹಿಡಿದು ಕಾಯುವವಳೇ.

ನಾಳೆ ಅನ್ನುವುದು ನಮ್ಮ ತವರಿನ ಬಳುವಳಿ ಇರಬೇಕು. ದೊಡ್ಡವ್ವನೂ ನಾನೂ ಇಬ್ಬರೂ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬಂದ ಸೊಸೆಯಂದಿರು. ಅವಳು ಸೇರಿದ್ದು ಕಂಬಳಿ ನೇಯುವವರ ಕೇರಿ. ಅಲ್ಲಿ ರಾಟೆ ಹೆಂಗಸರದು, ಮಗ್ಗ ಗಂಡಸರದು. ದೊಡ್ಡಪ್ಪ ತೀರಿಕೊಂಡಾಗ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ನೇಯುವ ಅವನ ಗುಂಡಿಮಗ್ಗ ಖಾಲಿ ಉಳಿಯಿತು. ಗಂಡ ನೇಯುವಾಗ ಪಕ್ಕದಲ್ಲಿ ಕೂತು ಜೀವಮಾನವೆಲ್ಲ ನೋಡಿದ್ದ ದೊಡ್ಡವ್ವ, "ನಾನೇ ಗುಂಡಿಗಿಳೀತೀನಿ" ಅಂದಳು. ಕೇರಿಯವರು ನಕ್ಕರು. ಅವಳೂ ಇಳಿಯಲಿಲ್ಲ. ಇವತ್ತು ಅಮಾವಾಸ್ಯೆ, ಇವತ್ತು ಸೊಂಟ, ಇವತ್ತು ಬೀಗರು. ಒಂದು ಕಂಬಳಿಗಾಗುವ ಹಾಸಿನ ನೂಲು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆ, ಸುತ್ತಿಟ್ಟಲ್ಲೇ ಧೂಳು ತಿನ್ನುತ್ತಿತ್ತು.

ಆಗ ನನಗೆ ಹೊಸದಾಗಿ ಮದುವೆಯಾಗಿತ್ತು, ಎರಡು ಬೀದಿ ಆಚೆ ಇದ್ದೆ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ದೊಡ್ಡವ್ವನ ಮನೆ ಎದುರು, ಬೀದಿಯ ಆ ಮಗ್ಗುಲಲ್ಲಿ, ಒಂದು ಟ್ರ್ಯಾಕ್ಟರ್ ಮಣ್ಣು ಬಿದ್ದಿದೆ. ಅವಳ ಮೈದುನ ಸೊಂಟಕ್ಕೆ ಟವೆಲ್ ಸುತ್ತಿ ನಿಂತಿದ್ದಾನೆ. "ಅತ್ತಿಗೇ, ಗುಂಡಿ ಸುಮ್ನೆ ಬಿದ್ದೈತೆ. ಮುಚ್ಚಿಬಿಟ್ರೆ ಕಡ್ಲೇಕಾಯಿ ಚೀಲ ಇಡಾಕಾಗ್ತೈತೆ. ಉಂಡು ಬಂದು ಮಣ್ಣು ಹೊರ್ತೀನಿ," ಅಂದು ಹೋದ.

ದೊಡ್ಡವ್ವ ಅಳುತ್ತಾಳೆ ಅಂದುಕೊಂಡೆ. ಇಲ್ಲ. ಸೀದಾ ಒಳಗೆ ಹೋಗಿ ಒಲೆ ಹೊತ್ತಿಸಿದಳು. ನೆನೆಹಾಕಿದ ಹುಣಸೆಬೀಜ ಯಾವಾಗಲೂ ಅವಳ ಮನೆಯಲ್ಲಿ ಇರುತ್ತಿತ್ತು, ದಿನಾ ನೆನೆಸಿ ದಿನಾ ಚೆಲ್ಲುವುದಕ್ಕೆ. ಅವತ್ತು ಅದನ್ನು ರುಬ್ಬಿ, ನೂಲು ಗಟ್ಟಿಯಾಗಲು ಹಚ್ಚುವ ಗಂಜಿ ಕಾಸಿದಳು. ಕಾಸಿದ ಗಂಜಿ ಮಾರನೆಯ ದಿನಕ್ಕೆ ಹುಳಿಯಾಗುತ್ತೆ. ನೂಲಿಗೆ ಹಚ್ಚಿದರಂತೂ ಒಣಗುವ ತನಕ ಕುಂಚದಲ್ಲಿ ಬಾಚುತ್ತಲೇ ಇರಬೇಕು. ಮಧ್ಯೆ ಎದ್ದು ಹೋದರೆ ಎಳೆಗೆ ಎಳೆ ಅಂಟಿ ಎಲ್ಲಾ ಹಾಳು.

"ರಾ ತಲ್ಲಿ, ಈ ಕಡೆ ಹಿಡ್ಕಾ," ಅಂದಳು. ಸಿಟ್ಟು ಬಂದರೆ 'ಬಾ ತಾಯಿ' ಅನ್ನುವುದೂ ಅವಳಿಗೆ ತವರಿನ ತೆಲುಗಿನಲ್ಲೇ ಬರುತ್ತಿತ್ತು. ಮಣ್ಣಿನ ಗುಡ್ಡೆಗೂ ಬಾಗಿಲಿಗೂ ನಡುವೆ, ಬೀದಿಯುದ್ದಕ್ಕೂ ಹಾಸು ಬಿಚ್ಚಿದಳು. ಇನ್ನೊಂದು ತುದಿಗೆ ಯಾರೂ ಬರಲಿಲ್ಲ. ಕೇರಿಯ ಗಂಡಸರು ಕಟ್ಟೆ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಕೊನೆಗೆ ಎದುರಿನ ಗ್ಯಾರೇಜಿನ ಖಾದರ್ ಸಾಬರು ಕೈಯ ಗ್ರೀಸು ಒರೆಸಿಕೊಂಡು ಎದ್ದರು. "ಲಾವ್ ಅಮ್ಮಾ, ಇತ್ತ ಕೊಡಿ, ನಾನು ಹಿಡೀತೀನಿ."

ಮೈದುನ ಉಂಡು ಬಂದ. ಸಲಿಕೆ, ಬುಟ್ಟಿ ಎಲ್ಲಾ ತಂದಿದ್ದ. ಬಂದವನು ಹಾಸಿನ ಮುಂದೆ ನಿಂತೇಬಿಟ್ಟ. ಬೀದಿಯಲ್ಲಿ ಬಿಚ್ಚಿದ ಹಾಸನ್ನು ಆ ಕೇರಿಯವರು ದಾಟುವುದಿಲ್ಲ. ಅದು ಉಣ್ಣುವವರ ಎಲೆ ದಾಟಿದ ಹಾಗೆ. ದನ ಬಂದರೂ ಬೇರೆ ದಾರಿಗೆ ತಿರುಗಿಸುತ್ತಾರೆ.

"ಏನತ್ತಿಗೆ ಇದು? ತೆಗೀರಿ, ಕೆಲ್ಸ ಐತೆ!"

ದೊಡ್ಡವ್ವ ತಲೆ ಎತ್ತಲಿಲ್ಲ. ಕುಂಚ ಎಳೆಯುತ್ತಲೇ ಅಂದಳು, "ಗಂಜಿ ಕಾಸಾಗೈತೆ ಕಣಪ್ಪಾ. ಇನ್ನು ನಿಲ್ಲಾಕಾಗಲ್ಲ."

ಅಬ್ಬಾ, ಆ ಮುಖ! ಅವನು ಬಿಸಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಾಸು ಒಣಗಿತು, ನೇರ ಮಗ್ಗಕ್ಕೇರಿತು, ದೊಡ್ಡವ್ವ ಸೆರಗು ಸಿಕ್ಕಿಸಿ ಗುಂಡಿಗಿಳಿದಳು. ಆಮೇಲೆ ದಿನಾ ಇಳಿದಳು. ಆ ಮಣ್ಣನ್ನು ಮಳೆ ತೊಳೆದುಕೊಂಡು ಹೋಯಿತು. ಮೊದಲ ಕಂಬಳಿ ಒಂದು ಮಗ್ಗುಲಿಗೆ ವಾಲಿತ್ತು. ಅದನ್ನೇ ನನಗೆ ಕೊಟ್ಟಳು.

"ಅಷ್ಟು ಧೈರ್ಯ ಎಲ್ಲಿಂದ ಬಂತು ದೊಡ್ಡವ್ವಾ?" ಅಂತ ಆಮೇಲೆ ಕೇಳಿದ್ದೆ. "ಧೈರ್ಯ ಯಾರಿಗೈತೆ?" ಅಂದಳು. "ದಿನಾ ಬೆಳಿಗ್ಗೆ ಎದ್ದು ಮನಸ್ಸನ್ನ ಕೇಳಿದ್ರೆ ಅದು ಬ್ಯಾಡ ಅಂತೈತೆ. ನಾನು ಕೇಳಾಕೇ ಹೋಗಲ್ಲ. ಮೊದ್ಲು ಗಂಜಿ ಕಾಸ್ತೀನಿ."

ಇವತ್ತು ಆ ಕಂಬಳಿ ಕೈಯಲ್ಲಿ ಹಿಡಿದು ಅಂಗಳದಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ವಾಲಿದ ಆ ಅಂಚು ಬೆರಳಿಗೆ ಸಿಕ್ಕಿತು. ನನ್ನ ಮೇಲೇ ನನಗೆ ಸಿಟ್ಟು ಬಂತು, ಒಳ್ಳೆಯ ಸಿಟ್ಟು. ಪಕ್ಕದ ಮನೆಯ ರಶೀದಾ, ಅದೇ ಖಾದರ್ ಸಾಬರ ಮಗಳು, ಕುದಾಪುರದ ಕಡೆ ತಂಗಿ ಮನೆಗೆ ಹೋಗಲು ಬಸ್ಸಿಗೆ ಹೊರಟಿದ್ದಳು. ಕಾಂಪೌಂಡ್ ಮೇಲಿಂದ ಕೂಗಿದೆ, ಮನಸ್ಸನ್ನು ಕೇಳುವುದಕ್ಕೆ ಮೊದಲೇ. "ಏ ರಶೀದಾ, ಬಸ್ಸು ಬ್ಯಾಡ. ಬಾ, ಕೂರು!"

ಅವಳು ಚೀಲ ಸಮೇತ ಹತ್ತಿ ಕೂತಳು. ಹಿಂದೆ ಆಳು ಕೂತ ಮೇಲೆ ಗಾಳಿ ಅನ್ನುವ ಹಾಗಿಲ್ಲ, ಎಡಗಣ್ಣು ಅನ್ನುವ ಹಾಗಿಲ್ಲ. ತಿರುವಿನಲ್ಲಿ ಎರಡೂ ಕಾಲು ನೆಲಕ್ಕೆ ಊರಿದೆ, ನಿಜ. ದೊಡ್ಡ ರಸ್ತೆಯಲ್ಲಿ ಒಬ್ಬ ಲಾರಿಯವನು ಹಾರ್ನ್ ಹೊಡೆದ. ನಾನೂ ಹೊಡೆದೆ.

ಊರು ಹಿಂದೆ ಬಿತ್ತು. ದನ ಮೇಯುವ ಕಾವಲಿನ ಹುಲ್ಲು ಕಾಣಿಸುವಲ್ಲಿ ಫೋನ್ ಬಡಿದುಕೊಂಡಿತು. ಗಾಡಿಯನ್ನು ಬದಿಗೆ ನಿಲ್ಲಿಸಿ ತೆಗೆದೆ. ಯಜಮಾನರು.

"ಲೇ, ಎಲ್ಲಿದೀಯಾ? ಗಾಡಿ ನೋಡಾಕೆ ಬಂದು ಕುಂತವ್ರೆ. ಇಲ್ಲಿ ಬರೀ ಕಂಬಳಿ ಐತಲ್ಲೇ!"

"ಅದನ್ನೇ ಹಾಸಿ ಕೂರಿಸ್ರಿ," ಅಂದೆ. "ಗಂಜಿ ಕಾಸಾಗೈತೆ."