ಪಿಂಜಾರ ಹಾಜಿಮಲಂಗ ಕೆರೆ ಅಗೆದದ್ದು

ಯಂಕಂಚಿಯ ಪಿಂಜಾರ ಹಾಜಿಮಲಂಗ ಹೊಲಿದ ಗಾದಿಯ ಮೇಲೆ ಸಾಸಿವೆ ಕಾಳಿಟ್ಟರೂ ಉರುಳುತ್ತಿರಲಿಲ್ಲ, ಅಷ್ಟು ಸಪಾಟು. ಅರವತ್ತಾರರ ಬರದಲ್ಲಿ ಗಾದಿ ಹೊಲಿಸುವವರೇ ಇಲ್ಲವಾಗಿ, ಅವನೂ ಹೆಂಡತಿ ರಾಜಬಿಯೂ ಸರ್ಕಾರದ ಬರಗಾಲ ಕಾಮಗಾರಿಗೆ ಹೋದರು. ಕೆರೆ ಎಷ್ಟು ಆಳ ಅಗೆದರೆ ಅಷ್ಟು ಅಮೆರಿಕದ ಗೋದಿ, ವಾರಕ್ಕೊಮ್ಮೆ.

ಹಳೆಯ ನೆಲದ ಮಟ್ಟದ ಗುರುತಿಗೆಂದು ಅವರವರ ಪಾಲಿನ ಗುಂಡಿಯ ನಡುವೆ ಒಂದು ದಿಬ್ಬವನ್ನು ಅಗೆಯದೆ ಬಿಡಬೇಕಿತ್ತು. ಬಿಡು ಎಂದಿದ್ದರೇ ಹೊರತು ಯಾಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಆರು ದಿನ ಇಬ್ಬರೂ ಎಷ್ಟು ಅಗೆದರೆಂದರೆ, ಇನ್ನೆರಡು ಗುದ್ದಲಿ ಹಾಕಿದ್ದರೆ ಅಮೆರಿಕವೇ ಕಾಣುತ್ತಿತ್ತು. ಅಳತೆಯ ದಿನ ಮುಂಜಾನೆ ಹಾಜಿಮಲಂಗ ನೋಡಿದ: ನಡುವೆ ಗಂಟು! ಕೈ ಕೇಳಲಿಲ್ಲ. ದಿಬ್ಬ ಕಡಿದು ಸಪಾಟು ಮಾಡಿದ.

ಕಾರಕೂನ ಟೇಪು ಹಿಡಿದು ಬಂದ. “ದಿಬ್ಬ ಎಲ್ಲೈತೋ?”

“ತೆಗದೇನ್ರಿ ಸಾಹೇಬ್ರ. ಚಂದ ಕಾಣ್ತಿರಲಿಲ್ಲ.”

“ಮತ್ತ ಎಲ್ಲಿಂದ ಅಳೀಲೋ, ನಿನ್ನ ನೆತ್ತಿಯಿಂದ?”

“ಗುಂಡಿ ಕಣ್ಣಿಗೆ ಕಾಣಾಕತ್ತೈತಲ್ರಿ!” ಎಂದಳು ರಾಜಬಿ.

“ಕಾಣತೈತವ್ವಾ. ಅಳತಿ ಇಲ್ಲದ ಬರಿಯಾಕ ಬರೂದಿಲ್ಲ.”

ಕೆಟ್ಟವನಲ್ಲ ಪಾಪ, ಮೂರು ಸಲ ಸುತ್ತು ಹಾಕಿದ. ಸುತ್ತಲಿನ ನೆಲವನ್ನೂ ಬೇರೆಯವರು ಅಗೆದಿದ್ದರು. ಸೊನ್ನೆ ಬರೆದು ಮುಂದಿನ ಗುಂಡಿಗೆ ಹೋದ.

ಗೋದಿಗೆಂದು ತಂದ ಖಾಲಿ ಚೀಲವನ್ನು ರಾಜಬಿ ಅಲ್ಲೇ ಹಾಸಿ ಕುಳಿತಳು. ಚೀಲದಲ್ಲಿ ಒಂದು ಸುಕ್ಕೂ ಇರಲಿಲ್ಲ.